ಮುಗಿಯೋ ಅನಿಮೇಷನ್: ದಿನಕ್ಕೆ ಒಂದೇ ಗಂಟೆ ಸಿಗೋರಿಗೆ ಬ್ಲೆಂಡರ್ ಅಭ್ಯಾಸಗಳು

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಓದ್ಕೋತೀವಿ ಅನ್ನೋರಿಗಾಗಿ ಈ ಬರಹ. ತೆರೆ ಮೇಲೆ ಬೆರಳಿಟ್ಟು ತೋರಿಸಿದ್ದನ್ನೆಲ್ಲ ಇಲ್ಲಿ ಮಾತಿನಲ್ಲಿ ಬಿಡಿಸಿ ಹೇಳಿದ್ದೀನಿ. ಬ್ಲೆಂಡರ್ ತೆರೆದಿಟ್ಟುಕೊಂಡು ಓದಿದರೆ ಇನ್ನೂ ಒಳ್ಳೇದು.

ಬ್ಲೆಂಡರ್ ಕಲಿಯೋಕೆ ಶುರು ಮಾಡಿದ ನಮ್ಮವರು ನನ್ನ ಹತ್ರ ಕೇಳೋದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. ಡೋನಟ್ ಮಾಡಿ ಆಯ್ತು, ಕುರ್ಚಿ ಮೇಜು ಮಾಡಿ ಆಯ್ತು, ಆದರೆ ಮಗುವಿಗೊಂದು ಕನ್ನಡದ ಕತೆ ಮಾಡಿಕೊಡಬೇಕು ಅಂತ ಶುರು ಮಾಡಿದ್ದು ಮಾತ್ರ ಮುಗೀತಾನೇ ಇಲ್ಲ, ಯಾಕೆ? ಪುಣೆಯಲ್ಲೋ ಚೆನ್ನೈಯಲ್ಲೋ ಬೆಳೀತಿರೋ ಮಗು ಹೊರಗೆ ಕಾಲಿಟ್ಟರೆ ಮರಾಠಿಯೋ ತಮಿಳೋ, ಸ್ಕೂಲಲ್ಲಿ ಇಂಗ್ಲಿಷ್, ಟಿವಿ ಹಾಕಿದರೆ ಹಿಂದಿ. ಮನೆಯೊಳಗಿನ ಕನ್ನಡಕ್ಕೆ ಒಂದು ಬಣ್ಣದ ಜೊತೆ ಕೊಡೋಣ ಅನ್ನೋ ಆಸೆ ಸಣ್ಣದೇನಲ್ಲ. ಆದರೆ ಮೂರು ವರ್ಷದ ಮಗುವಿಗೆ ಅಂತ ಶುರು ಮಾಡಿದ ಕತೆ, ಮಗು ಆರನೇ ಕ್ಲಾಸಿಗೆ ಬಂದಾಗ ಮುಗಿದರೆ ಯಾರಿಗೆ ಬೇಕು?

ಇದು ಪ್ರತಿಭೆಯ ಪ್ರಶ್ನೆ ಅಲ್ಲ ಅನ್ನೋದು ನನ್ನ ವಾದ. ಕೆಲಸದ ಕ್ರಮದ ಪ್ರಶ್ನೆ. ಅನಿಮೇಷನ್‌ನಲ್ಲಿ ಕೆಲವು ಬದಲಾವಣೆ ಅಗ್ಗ, ಕೆಲವು ದುಬಾರಿ. ಕಾಗದದ ಮೇಲೆ ಕಾಗೆಯನ್ನ ಎಡಗಡೆಯಿಂದ ಬಲಗಡೆಗೆ ತರೋಕೆ ಅರ್ಧ ನಿಮಿಷ ಸಾಕು. ಅದೇ ಬದಲಾವಣೆಯನ್ನ ರೆಂಡರ್ ಆದ ಮೇಲೆ ಮಾಡೋಕೆ ಒಂದು ವಾರ ಬೇಕು. ರಿಕ್ವೈರ್‌ಮೆಂಟ್ ಹಂತದಲ್ಲಿ ಹಿಡಿಯಬೇಕಾದ ಬಗ್ ಪ್ರೊಡಕ್ಷನ್‌ನಲ್ಲಿ ಸಿಕ್ಕಿದರೆ ಏನಾಗತ್ತೆ ಅಂತ ನಿಮಗೆ ನಾನು ಹೇಳ್ಕೊಡಬೇಕಾಗಿಲ್ಲ. ಅಗ್ಗದ ತೀರ್ಮಾನಗಳನ್ನೆಲ್ಲ ಮೊದಲು ಮುಗಿಸೋದು, ಮತ್ತೆ ಪ್ರತಿ ರಾತ್ರಿ ನೋಡೋಕೆ ಆಗೋ ಏನಾದರೊಂದನ್ನ ಉಳಿಸಿ ಮಲಗೋದು: ಇಲ್ಲಿ ಹೇಳೋ ಅಭ್ಯಾಸಗಳೆಲ್ಲ ಈ ಎರಡರಿಂದಲೇ ಹುಟ್ಟಿದ್ದು.

ಬ್ಲೆಂಡರೇ ಯಾಕೆ

ಕಾಸು ಕೊಡಬೇಕಾಗಿಲ್ಲ ಅನ್ನೋದು ಒಂದು ಕಾರಣ. ಆಮ್‌ಸ್ಟರ್‌ಡ್ಯಾಮಿನ ಟಾನ್ ರೂಸೆಂಡಾಲ್ ಕಟ್ಟಿದ ಸಾಫ್ಟ್‌ವೇರ್ ಇದು. ಅದರ ಹಿಂದಿದ್ದ ಕಂಪನಿ ಮುಚ್ಚಿದಾಗ, 2002ರಲ್ಲಿ ಬಳಕೆದಾರರೇ ಏಳು ವಾರದಲ್ಲಿ 1,00,000 ಯೂರೋ ಕೂಡಿಸಿ ಅದರ ಸೋರ್ಸ್ ಕೋಡ್ ಬಿಡಿಸಿಕೊಂಡರು. ಅವತ್ತಿಂದ ಅದು ಎಲ್ಲರದ್ದು. ಕೈಲಾಗದವರ ಸಾಫ್ಟ್‌ವೇರ್ ಅನ್ನೋ ಅನುಮಾನ ಇದ್ದರೆ, ಲಾಟ್ವಿಯಾದ ಗಿಂಟ್ಸ್ ಜಿಲ್ಬಾಲೋಡಿಸ್ ನಿರ್ದೇಶನದ 'ಫ್ಲೋ' ಚಿತ್ರ ನೋಡಿ. ಒಂದೂ ಮಾತಿಲ್ಲದ ಬೆಕ್ಕಿನ ಕತೆ. ಬ್ಲೆಂಡರ್‌ನಲ್ಲೇ ಮಾಡಿದ ಆ ಚಿತ್ರಕ್ಕೆ 2025ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಬಂತು.

ಒಂದು ಮಾತು ಈಗಲೇ ಹೇಳಿಬಿಡ್ತೀನಿ. ಪ್ರಾಜೆಕ್ಟ್ ಶುರು ಮಾಡೋವಾಗ ಎಲ್‌ಟಿಎಸ್ ಆವೃತ್ತಿ ಹಾಕಿಕೊಳ್ಳಿ. ಅದಕ್ಕೆ ಎರಡು ವರ್ಷ ರಿಪೇರಿ ಬರ್ತಾ ಇರತ್ತೆ. ಕೆಲಸ ಮುಗಿಯೋವರೆಗೆ ಆವೃತ್ತಿ ಬದಲಾಯಿಸಬೇಡಿ. ಹೊಸ ಆವೃತ್ತಿ ಬಂತು ಅಂತ ನಡುವೆ ಹಾರೋದು, ರಿಲೀಸ್ ಹಿಂದಿನ ದಿನ ಡೇಟಾಬೇಸ್ ಬದಲಾಯಿಸಿದ ಹಾಗೆ.

ಮೊದಲು ಲೆಕ್ಕ

ಸಿನಿಮಾದ ಒಂದು ಸೆಕೆಂಡಿಗೆ 24 ಫ್ರೇಮ್. ಬ್ಲೆಂಡರ್ ಕೂಡ ಇದನ್ನೇ ಇಟ್ಟುಕೊಂಡು ತೆರೆಯತ್ತೆ. ಹೊಸ ಫೈಲಿನಲ್ಲಿ 1ರಿಂದ 250ರ ತನಕ ಫ್ರೇಮ್ ಇರತ್ತಲ್ಲ, ಅದು ಬರೀ ಹತ್ತು ಸೆಕೆಂಡ್ ಚಿಲ್ಲರೆ. ಐದು ನಿಮಿಷದ ಕತೆ ಅಂದರೆ 7,200 ಫ್ರೇಮ್. ಮೊದಲ ಸಲಕ್ಕೆ ಅದು ಬೇಡ.

ಮೊದಲ ಚಿತ್ರ 30 ಸೆಕೆಂಡ್ ಮೀರದೆ ಇರಲಿ. 720 ಫ್ರೇಮ್, ನಾಲ್ಕೈದು ಶಾಟ್, ಎರಡು ಪಾತ್ರ, ಒಂದು ಜಾಗ. ನಮ್ಮ ಕಾಗಕ್ಕ ಗುಬ್ಬಕ್ಕನ ಕತೆಯನ್ನೇ ತಗೊಳ್ಳಿ. ಇಡೀ ಕತೆ ಬೇಡ, ಮಳೆಯಲ್ಲಿ ಮನೆ ಕಳಕೊಂಡ ಕಾಗಕ್ಕ ಗುಬ್ಬಕ್ಕನ ಬಾಗಿಲು ಬಡಿಯೋ ಭಾಗ ಸಾಕು. ಮಳೆ, ಬಾಗಿಲು, ಹೊರಗೊಬ್ಬಳು, ಒಳಗೊಬ್ಬಳು. ಅಷ್ಟರಲ್ಲೇ ಕತೆ ಇದೆ. ಇನ್ನು ಮುಂದೆ ಉದಾಹರಣೆ ಬೇಕಾದಾಗಲೆಲ್ಲ ಈ ಬಾಗಿಲ ಹತ್ರಕ್ಕೇ ಬರ್ತೀನಿ.

ಇನ್ನೊಂದು ಲೆಕ್ಕ ನಿಮ್ಮ ಸಮಯದ್ದು. ಶಿಫ್ಟ್ ಮುಗಿಸಿ, ಟ್ರಾಫಿಕ್ ದಾಟಿ, ಊಟ ಮಾಡಿ, ಮಗು ಮಲಗಿದ ಮೇಲೆ ಸಿಗೋದು ಒಂದು ಗಂಟೆ. ವಾರಕ್ಕೆ ಐದು ಗಂಟೆ ಅಂತಿಟ್ಟುಕೊಳ್ಳಿ. ಆ ಒಂದು ಗಂಟೆಯಲ್ಲಿ ಇಪ್ಪತ್ತು ನಿಮಿಷ ನಿನ್ನೆ ಎಲ್ಲಿ ನಿಲ್ಲಿಸಿದ್ದೆ ಅಂತ ಹುಡುಕೋದ್ರಲ್ಲೇ ಹೋದರೆ ಮೂರನೇ ಒಂದು ಪಾಲು ಗೋತಾ. ಅದಕ್ಕೆ ಮೇಜಿನ ಮೇಲೊಂದು ನೋಟ್‌ಬುಕ್ ಇರಲಿ. ಲ್ಯಾಪ್‌ಟಾಪ್ ಮುಚ್ಚೋ ಮುಂಚೆ ನಾಳೆಯ ಮೊದಲ ಕೆಲಸ ಏನು ಅಂತ ಒಂದೇ ಸಾಲು ಬರೀರಿ. "ಶಾಟ್ 3, ಫ್ರೇಮ್ 52, ಕೊಕ್ಕು ಬಾಗಿಲಿಗೆ ತಾಗ್ತಿಲ್ಲ" ಅನ್ನೋ ಥರ. ಕೂತ ತಕ್ಷಣ ಕೈ ಓಡತ್ತೆ.

ಕಾಗದ, ದನಿ, ಆಮೇಲೆ ಬ್ಲೆಂಡರ್

ಹೊಸಬರು ಮೊದಲು ಕಾಗೆಯ ಮಾಡೆಲ್ ಮಾಡೋಕೆ ಕೂರ್ತಾರೆ. ಪುಕ್ಕ ಒಂದೊಂದಾಗಿ ಅಂಟಿಸ್ತಾರೆ. ಎರಡು ತಿಂಗಳಾದ ಮೇಲೆ ನೋಡಿದರೆ ಆ ಪುಕ್ಕ ಕಾಣೋ ಅಷ್ಟು ಹತ್ತಿರಕ್ಕೆ ಕ್ಯಾಮೆರಾ ಹೋಗೋದೇ ಇಲ್ಲ. ಯಾವ ಶಾಟಿನಲ್ಲಿ ಏನು ಕಾಣತ್ತೆ ಅನ್ನೋದು ಗೊತ್ತಾಗದೆ ಮಾಡೆಲ್ ಮಾಡೋದು, ಮನೆಯ ನಕ್ಷೆ ಇಲ್ಲದೆ ಕಿಟಕಿ ಮಾಡಿಸಿದ ಹಾಗೆ.

ಮೊದಲು ಕಾಗದದಲ್ಲಿ ಶಾಟಿಗೊಂದರಂತೆ ಚೌಕ ಗೀಚಿ. ಕಡ್ಡಿ ಗೊಂಬೆ ಸಾಕು. ಫೋನಿನಲ್ಲಿ ಫೋಟೋ ತೆಗೆದು ಬ್ಲೆಂಡರ್‌ನ ವಿಡಿಯೋ ಎಡಿಟಿಂಗ್ ವರ್ಕ್‌ಸ್ಪೇಸ್‌ಗೆ ಹಾಕಿ. ಮಾತಿದ್ದರೆ ದನಿಯನ್ನೂ ಈಗಲೇ ಹಾಕಿ. ಊರಲ್ಲಿರೋ ಅಜ್ಜಿಗೆ ಹೇಳಿ, ವಾಟ್ಸ್‌ಆ್ಯಪ್‌ನಲ್ಲಿ ಕಾಗಕ್ಕನ ಮಾತು ಕಳಿಸ್ತಾರೆ. ಸ್ಟುಡಿಯೋ ಮೈಕು ಕೊಡಲಾಗದ್ದನ್ನ ಆ ದನಿ ಕೊಡತ್ತೆ. ಅದನ್ನ ವೇವ್ ಫೈಲಾಗಿ ಬದಲಾಯಿಸಿಕೊಂಡು ಸೇರಿಸೋದು ನನ್ನ ರೂಢಿ. ಪ್ಲೇಬ್ಯಾಕ್ ಮೆನುವಿನಲ್ಲಿ ಸಿಂಕ್ ಅನ್ನೋ ಕಡೆ 'ಸಿಂಕ್ ಟು ಆಡಿಯೋ' ಆರಿಸಿಕೊಳ್ಳಿ, ಆಗ ಚಿತ್ರ ದನಿಯ ಜೊತೆಗೇ ಓಡತ್ತೆ.

ಈಗ ಒಂದೊಂದು ಚಿತ್ರವನ್ನೂ ಎಷ್ಟು ಹೊತ್ತು ಇರಬೇಕು ಅಂತ ಎಳೆದು ಕುಗ್ಗಿಸಿ ನೋಡಿ. ಇದಕ್ಕೆ ಅನಿಮ್ಯಾಟಿಕ್ ಅಂತಾರೆ. ಇಲ್ಲಿ ಒಂದು ಶಾಟ್ ಕಿತ್ತು ಹಾಕೋಕೆ ಬೇಕಾಗಿರೋದು ಒಂದು ಡಿಲೀಟ್ ಕೀ. ಮಗುವನ್ನ ತೊಡೆ ಮೇಲೆ ಕೂರಿಸಿಕೊಂಡು ಈ ಗೀಚು ಚಿತ್ರ ತೋರಿಸಿ. ಮಗು ಎಲ್ಲಿ ಆಕಳಿಸತ್ತೋ ಅಲ್ಲಿ ಶಾಟ್ ಉದ್ದ ಆಗಿದೆ. ಇದಕ್ಕಿಂತ ಒಳ್ಳೆ ರಿವ್ಯೂವರ್ ನಿಮಗೆ ಸಿಗಲ್ಲ.

ಫೈಲು, ಹೆಸರು, ಸೇವ್

ನಮ್ಮವರು ತಕ್ಷಣ ಕೇಳೋದು ಗಿಟ್ ಬಗ್ಗೆ. ಬ್ಲೆಂಡರ್ ಫೈಲ್ ಬೈನರಿ. ಡಿಫ್ ನೋಡೋಕಾಗಲ್ಲ, ಎರಡು ಬ್ರಾಂಚ್ ಮರ್ಜ್ ಮಾಡೋಕಾಗಲ್ಲ, ಪ್ರತಿ ಕಮಿಟ್‌ಗೂ ರೆಪೊ ಉಬ್ಬತ್ತೆ. ಒಬ್ಬರೇ ಮಾಡೋ ಸಣ್ಣ ಚಿತ್ರಕ್ಕೆ ಹಳೇ ಪದ್ಧತಿಯೇ ವಾಸಿ: ಸಂಖ್ಯೆ ಏರಿಸ್ತಾ ಸೇವ್ ಮಾಡೋದು. ಶಾಟ್03_ವಿ001, ಶಾಟ್03_ವಿ002, ಹೀಗೆ. 'ಸೇವ್ ಆ್ಯಸ್' ಕಿಟಕಿಯಲ್ಲಿ ನಂಬರ್ ಪ್ಯಾಡಿನ ಪ್ಲಸ್ ಒತ್ತಿದರೆ ಸಂಖ್ಯೆ ತಾನೇ ಒಂದು ಏರತ್ತೆ. ಹೊಸ ಆವೃತ್ತಿಗಳ ಫೈಲ್ ಮೆನುವಿನಲ್ಲಿ 'ಸೇವ್ ಇನ್‌ಕ್ರಿಮೆಂಟಲ್' ಅಂತಲೇ ಇದೆ. ರಾತ್ರಿಗೆ ಒಂದು ಸಂಖ್ಯೆ, ದೊಡ್ಡ ಬದಲಾವಣೆಗೆ ಮುಂಚೆ ಇನ್ನೊಂದು. 'ಫೈನಲ್', 'ಫೈನಲ್ ಹೊಸದು', 'ನಿಜವಾದ ಫೈನಲ್' ಅನ್ನೋ ಹೆಸರು ಮಾತ್ರ ಬೇಡ.

ಬ್ಲೆಂಡರ್ ತಾನಾಗೇ ಕೊಡೋ ರಕ್ಷಣೆಯೂ ಗೊತ್ತಿರಲಿ. ಎರಡು ನಿಮಿಷಕ್ಕೊಮ್ಮೆ ಟೆಂಪ್ ಫೋಲ್ಡರ್‌ಗೆ ಆಟೋಸೇವ್ ಆಗತ್ತೆ. ನೀವು ಸೇವ್ ಮಾಡಿದಾಗಲೆಲ್ಲ ಹಿಂದಿನ ಪ್ರತಿ 'ಬ್ಲೆಂಡ್1' ಅನ್ನೋ ಬಾಲದೊಂದಿಗೆ ಪಕ್ಕದಲ್ಲೇ ಉಳಿಯತ್ತೆ. ಆ ಬಾಲದ 1 ತೆಗೆದರೆ ಅದು ಮಾಮೂಲಿ ಫೈಲ್. ಏನಾದರೂ ಕೈಕೊಟ್ಟಾಗ ಫೈಲ್ ಮೆನುವಿನ 'ರಿಕವರ್' ನೋಡಿ. ಆದರೆ ಇದು ಆಪತ್ತಿಗೆ ಮಾತ್ರ, ಇದನ್ನೇ ನಂಬಿಕೊಂಡು ಕೂರೋ ಹಾಗಿಲ್ಲ. ಅನ್‌ಡೂ ಕೂಡ ಮಾಮೂಲಿಯಾಗಿ 32 ಹೆಜ್ಜೆಯಷ್ಟೇ ಹಿಂದಕ್ಕೆ ಹೋಗತ್ತೆ. ಪ್ರಿಫರೆನ್ಸಸ್‌ನಲ್ಲಿ ಇದನ್ನ ಹೆಚ್ಚಿಸಬಹುದು.

ಫೋಲ್ಡರ್ ಸರಳವಾಗಿರಲಿ. ಪಾತ್ರಗಳಿಗೊಂದು, ಶಾಟ್‌ಗಳಿಗೊಂದು, ಬಣ್ಣದ ಚಿತ್ರಗಳಿಗೊಂದು, ದನಿಗೊಂದು, ರೆಂಡರ್‌ಗೊಂದು. ಪ್ರಾಜೆಕ್ಟಿನ ಎಲ್ಲವೂ ಒಂದೇ ದೊಡ್ಡ ಫೋಲ್ಡರ್ ಒಳಗೆ. ಜೊತೆಗೆ ಫೈಲ್ ಮೆನುವಿನ 'ಎಕ್ಸ್‌ಟರ್ನಲ್ ಡೇಟಾ'ದಲ್ಲಿ 'ಮೇಕ್ ಪಾತ್ಸ್ ರಿಲೇಟಿವ್' ಅಂತಿದೆ, ಅದನ್ನ ಒತ್ತಿಬಿಡಿ. ಇಲ್ಲದಿದ್ದರೆ ದೀಪಾವಳಿಗೆ ಊರಿಗೆ ಹೋಗೋವಾಗ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ ಇನ್ನೊಂದು ಮೆಷೀನಿನಲ್ಲಿ ತೆರೆದರೆ ಗೋಡೆ, ಬಾಗಿಲು ಎಲ್ಲ ಗಾಢ ಗುಲಾಬಿ ಬಣ್ಣಕ್ಕೆ ತಿರುಗಿರತ್ತೆ. ಚಿತ್ರದ ಫೈಲ್ ಸಿಗ್ತಿಲ್ಲ ಅನ್ನೋದಕ್ಕೆ ಬ್ಲೆಂಡರ್ ತೋರಿಸೋ ಗುರುತು ಅದು.

ಫೈಲಿನೊಳಗೂ ಹೆಸರು ಮುಖ್ಯ. ಕ್ಯೂಬ್ 001, ಕ್ಯೂಬ್ 002 ಅಂತ 40 ವಸ್ತು ಇದ್ದರೆ ಹತ್ತು ದಿನ ಬಿಟ್ಟು ನಿಮಗೇ ಅರ್ಥ ಆಗಲ್ಲ. ಎಫ್2 ಒತ್ತಿದರೆ ಹೆಸರು ಬದಲಾಯಿಸಬಹುದು. ಮೂಳೆಗಳ ಹೆಸರಿನ ಕೊನೆಗೆ ಚುಕ್ಕಿ ಎಲ್, ಚುಕ್ಕಿ ಆರ್ ಹಾಕಿದರೆ ದೊಡ್ಡ ಲಾಭ ಇದೆ. ಎಡ ರೆಕ್ಕೆಯ ಭಂಗಿಯನ್ನ ಕಾಪಿ ಮಾಡಿ ಕಂಟ್ರೋಲ್, ಶಿಫ್ಟ್, ವಿ ಒತ್ತಿದರೆ ಬಲ ರೆಕ್ಕೆಗೆ ಕನ್ನಡಿಯಲ್ಲಿ ಕಂಡ ಹಾಗೆ ಬಂದು ಕೂರತ್ತೆ. ಅರ್ಧ ಕೆಲಸ ಉಳೀತು.

ಭಂಗಿ ಮೊದಲು, ನಯ ಆಮೇಲೆ

ಇದು ಎಲ್ಲಕ್ಕಿಂತ ಮುಖ್ಯ, ಸ್ವಲ್ಪ ನಿಧಾನವಾಗಿ ಓದಿ.

ಫ್ರೇಮ್ 1ರಲ್ಲಿ ಕಾಗೆ ಇಲ್ಲಿ, ಫ್ರೇಮ್ 40ರಲ್ಲಿ ಅಲ್ಲಿ ಅಂತ ಎರಡು ಕೀಫ್ರೇಮ್ ಇಟ್ಟರೆ ನಡುವಿನ 38 ಫ್ರೇಮನ್ನ ಬ್ಲೆಂಡರ್ ತಾನೇ ತುಂಬತ್ತೆ. ಮಾಮೂಲಿಯಾಗಿ ಅದು ಬೆಜಿಯರ್ ಅನ್ನೋ ಬಾಗಿದ ಗೆರೆಯಲ್ಲಿ ತುಂಬೋದು: ನಿಧಾನಕ್ಕೆ ಶುರು, ನಡುವೆ ವೇಗ, ನಿಧಾನಕ್ಕೆ ನಿಲ್ಲೋದು. ಒಂದು ಚಲನೆಗೆ ಅದು ಚೆಂದ. ಆದರೆ ತಲೆ ಎತ್ತೋದು, ರೆಕ್ಕೆ ಕೊಡವೋದು, ಬಾಗಿಲು ಬಡಿಯೋದು ಎಲ್ಲವೂ ಹಾಗೇ ಆದರೆ ಕಾಗೆ ಕೆರೆಯೊಳಗೆ ಮುಳುಗಿ ಅಭಿನಯ ಮಾಡ್ತಿರೋ ಹಾಗೆ ಕಾಣತ್ತೆ. ಎಲ್ಲ ನಯವಾಗೇ ಇರತ್ತೆ, ಆದರೆ ಯಾವುದಕ್ಕೂ ತೂಕ ಇರಲ್ಲ. ಆ ನಯಕ್ಕೆ ಮರುಳಾಗಿ, ಅದನ್ನೇ ತಿದ್ದುತ್ತಾ ಕೂತು ಹೊಸಬರು ವಾರಗಟ್ಟಲೆ ಕಳೀತಾರೆ.

ಪರಿಹಾರ ಸುಲಭ. ಆ ನಯವನ್ನ ಮೊದಲು ಆರಿಸಿಬಿಡಿ. ಪ್ರಿಫರೆನ್ಸಸ್‌ನ ಅನಿಮೇಷನ್ ವಿಭಾಗದಲ್ಲಿ ಹೊಸ ಕೀಫ್ರೇಮ್‌ಗಳ ಇಂಟರ್‌ಪೊಲೇಷನ್ 'ಕಾನ್‌ಸ್ಟಂಟ್' ಮಾಡಿ. ಆಗ ಕಾಗೆ ಒಂದು ಭಂಗಿಯಲ್ಲಿ ಕಲ್ಲಿನ ಹಾಗೆ ನಿಂತಿದ್ದು, ಮುಂದಿನ ಕೀಫ್ರೇಮ್ ಬಂದ ತಕ್ಷಣ ಚಟ್ ಅಂತ ಇನ್ನೊಂದು ಭಂಗಿಗೆ ಹಾರತ್ತೆ. ಇದಕ್ಕೆ ಬ್ಲಾಕಿಂಗ್ ಅಂತಾರೆ. ಈಗ ನಿಮ್ಮ ಕಣ್ಣಿಗೆ ಬೀಳೋದು ಎರಡೇ ವಿಷಯ, ಭಂಗಿ ಮತ್ತು ಸಮಯ. ಕತೆ ಹೇಳೋದೂ ಅವೆರಡೇ.

ನಮ್ಮ ಬಾಗಿಲ ಶಾಟ್ 10 ಸೆಕೆಂಡ್, 240 ಫ್ರೇಮ್ ಅಂತಿಟ್ಟುಕೊಳ್ಳಿ. ಫ್ರೇಮ್ 1: ಕಾಗಕ್ಕ ಒದ್ದೆಯಾಗಿ ತಲೆ ತಗ್ಗಿಸಿ ನಿಂತಿದ್ದಾಳೆ. 36: ತಲೆ ಎತ್ತಿ ಬಾಗಿಲು ನೋಡ್ತಾಳೆ. 48: ಕೊಕ್ಕು ಹಿಂದಕ್ಕೆ ಎಳೀತಾಳೆ. 52: ಕೊಕ್ಕು ಬಾಗಿಲಿಗೆ ಟಕ್. 56: ಮತ್ತೆ ಹಿಂದೆ. 60: ಇನ್ನೊಂದು ಟಕ್. 84: ತಲೆ ವಾರೆ ಮಾಡಿ ಒಳಗಿನ ಸದ್ದು ಕೇಳ್ತಾಳೆ. 160: ಬಾಗಿಲು ಒಂದು ಬೆರಳಷ್ಟು ತೆರೆಯತ್ತೆ. ಎಂಟೇ ಭಂಗಿ. ಗಮನಿಸಿ, ಕೊಕ್ಕು ಹಿಂದಕ್ಕೆ ಎಳೆಯೋಕೆ 12 ಫ್ರೇಮ್, ಅಂದರೆ ಅರ್ಧ ಸೆಕೆಂಡ್. ಬಡಿಯೋಕೆ ಬರೀ 4. ನಿಧಾನದ ತಯಾರಿ, ಚುರುಕಿನ ಏಟು. ಡಿಸ್ನಿಯ ಫ್ರಾಂಕ್ ಥಾಮಸ್ ಮತ್ತು ಆಲೀ ಜಾನ್‌ಸ್ಟನ್ 1981ರ ತಮ್ಮ ಪುಸ್ತಕ 'ದಿ ಇಲ್ಯೂಷನ್ ಆಫ್ ಲೈಫ್'ನಲ್ಲಿ ಹೇಳಿದ 12 ತತ್ವಗಳಲ್ಲಿ ಇದೂ ಒಂದು, ಆ್ಯಂಟಿಸಿಪೇಷನ್. ಒಗೆಯೋ ಮುಂಚೆ ಬಟ್ಟೆಯನ್ನ ಹಿಂದಕ್ಕೆ ಎತ್ತೋದಿಲ್ಲವೇ, ಅದೇ. ಮತ್ತೆ 84ರಿಂದ 160ರ ತನಕ ಮೂರು ಸೆಕೆಂಡಿಗೂ ಹೆಚ್ಚು ಹೊತ್ತು ಏನೂ ಆಗಲ್ಲ. ಬಾಗಿಲು ತೆಗೀತಾಳೋ ಇಲ್ಲವೋ ಅಂತ ಮಗು ಕಾಯೋದು ಆ ಮೂರು ಸೆಕೆಂಡಿನಲ್ಲೇ.

ಪ್ರತಿ ಭಂಗಿಯಲ್ಲೂ ಎ ಒತ್ತಿ ಪಾತ್ರದ ಎಲ್ಲ ಕಂಟ್ರೋಲ್‌ಗಳನ್ನ ಆರಿಸಿಕೊಂಡು, ಐ ಒತ್ತಿ ಎಲ್ಲಕ್ಕೂ ಕೀಫ್ರೇಮ್ ಹಾಕಿ. ತಲೆಗೆ 36ರಲ್ಲಿ, ರೆಕ್ಕೆಗೆ 39ರಲ್ಲಿ, ಬಾಲಕ್ಕೆ 41ರಲ್ಲಿ ಅಂತ ಚೆಲ್ಲಾಪಿಲ್ಲಿ ಇದ್ದರೆ ಆಮೇಲೆ ಒಂದು ಭಂಗಿ ಸರಿಸೋಕೆ ಹತ್ತು ಕಡೆ ಕೈ ಹಾಕಬೇಕು. ಎಲ್ಲ ಒಂದೇ ಕಂಬದಲ್ಲಿದ್ದರೆ ಡೋಪ್ ಶೀಟ್‌ನಲ್ಲಿ ಆ ಕಂಬ ಹಿಡಿದು ಎಳೆದರೆ ಮುಗೀತು.

ಸಮಯ ಸರಿ ಅನಿಸಿದ ಮೇಲೆ, ಅಲ್ಲೀವರೆಗೂ ಬೇಡ, ಎಲ್ಲ ಕೀಫ್ರೇಮ್ ಆರಿಸಿ ಟಿ ಒತ್ತಿ ಬೆಜಿಯರ್ ಮಾಡಿ. ತಕ್ಷಣ ಎಲ್ಲ ಮೆತ್ತಗಾದ ಹಾಗೆ ಕಾಣತ್ತೆ, ಹೆದರಬೇಡಿ. ಈಗ ಗ್ರಾಫ್ ಎಡಿಟರ್‌ಗೆ ಹೋಗಿ ಏಟು ಬೀಳೋ ಜಾಗದ ಗೆರೆಯನ್ನ ಚೂಪು ಮಾಡಿ, ಬಾಲ ಒಂದೆರಡು ಫ್ರೇಮ್ ತಡವಾಗಿ ಬರೋ ಹಾಗೆ ಸರಿಸಿ. ನಯ ಮಾಡೋ ಹೊತ್ತು ಇದು.

ಪ್ರತಿ ರಾತ್ರಿ ಒಂದು ವಿಡಿಯೋ

ನಿಮ್ಮ ಆಫೀಸಿನಲ್ಲಿ ರಾತ್ರಿ ಬಿಲ್ಡ್ ಓಡೋ ಹಾಗೆ ಇಲ್ಲೂ ಒಂದು ಓಡಲಿ. ವ್ಯೂ ಮೆನುವಿನ 'ವ್ಯೂಪೋರ್ಟ್ ರೆಂಡರ್ ಅನಿಮೇಷನ್' ಒತ್ತಿದರೆ ತೆರೆಯಲ್ಲಿ ಕಾಣೋ ಹಾಗೇ, ಬೆಳಕು ನೆರಳಿನ ಗೊಡವೆ ಇಲ್ಲದೆ, ಬೇಗನೆ ಒಂದು ಕರಡು ಸಿಗತ್ತೆ. ಸಿನಿಮಾದವರು ಇದನ್ನ ಪ್ಲೇಬ್ಲಾಸ್ಟ್ ಅಂತಾರೆ. ಔಟ್‌ಪುಟ್ ಪ್ರಾಪರ್ಟೀಸ್‌ನ ಮೆಟಾಡೇಟಾದಲ್ಲಿ 'ಬರ್ನ್ ಇಂಟು ಇಮೇಜ್' ಹಾಕಿಕೊಂಡರೆ ಫ್ರೇಮ್ ಸಂಖ್ಯೆ ಚಿತ್ರದ ಮೇಲೇ ಬರತ್ತೆ. ಕೊನೆಯ ರೆಂಡರ್‌ಗೆ ಮುಂಚೆ ಅದನ್ನ ತೆಗೀಬೇಕು, ನೋಟ್‌ಬುಕ್‌ನಲ್ಲಿ ಬರ್ಕೊಳ್ಳಿ.

ಆ ವಿಡಿಯೋ ಫೋನಿಗೆ ಹಾಕಿಕೊಳ್ಳಿ. ಮಾರನೇ ಬೆಳಿಗ್ಗೆ ಲೋಕಲ್‌ನಲ್ಲೋ ಮೆಟ್ರೋದಲ್ಲೋ ನೇತಾಡ್ತಾ ನೋಡಿ. ರಾತ್ರಿ ಕಣ್ಣಿಗೆ ಕಾಣದ್ದು ಬೆಳಿಗ್ಗೆ ಕಾಣತ್ತೆ. ಸಣ್ಣ ತೆರೆಯಲ್ಲಿ ಕಾಗೆ ಏನು ಮಾಡ್ತಿದೆ ಅಂತ ಗೊತ್ತಾಗಲಿಲ್ಲ ಅಂದರೆ ಭಂಗಿ ಸ್ಪಷ್ಟ ಇಲ್ಲ ಅಂತಲೇ ಅರ್ಥ. ಫ್ರೇಮ್ ಸಂಖ್ಯೆ ಸಮೇತ ಮೂರು ತಪ್ಪು ಬರ್ಕೊಳ್ಳಿ, ಹತ್ತು ಬೇಡ. ಅವತ್ತಿನ ರಾತ್ರಿಯ ಕೆಲಸ ಅದೇ.

ಸೀನ್ ಹಗುರವಾಗಿರಲಿ

ಪ್ಲೇ ಮಾಡೋವಾಗ ಎಡ ಮೇಲ್ತುದಿಯಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮ್ ಓಡ್ತಿದೆ ಅಂತ ತೋರಿಸತ್ತೆ. ಅದು ಕೆಂಪಾಗಿ 9, 10 ಅಂತಿದ್ದರೆ ನೀವು ನೋಡ್ತಿರೋದು ನಿಜವಾದ ಸಮಯ ಅಲ್ಲ. ಹತ್ತು ಸೆಕೆಂಡಿನ ಶಾಟ್ ಇಪ್ಪತ್ತೈದು ಸೆಕೆಂಡ್ ಎಳೀತಿದೆ. ಅದನ್ನ ನಂಬಿ ಸಮಯ ತಿದ್ದಿದರೆ ತಿದ್ದಿದ್ದೇ ತಪ್ಪಾಗತ್ತೆ.

ಅನಿಮೇಟ್ ಮಾಡೋವಾಗ ಸಾಲಿಡ್ ಮೋಡ್‌ನಲ್ಲೇ ಇರಿ, ರೆಂಡರ್ಡ್ ಮೋಡ್ ಬೇಡ. ಮಳೆ, ಮರಗಳನ್ನ ಬೇರೆ ಕಲೆಕ್ಷನ್‌ನಲ್ಲಿಟ್ಟು ಕಣ್ಣಿನ ಗುರುತು ಆರಿಸಿ. ರೆಂಡರ್ ಪ್ರಾಪರ್ಟೀಸ್‌ನ 'ಸಿಂಪ್ಲಿಫೈ' ಹಾಕಿ ವ್ಯೂಪೋರ್ಟ್‌ನ ಸಬ್‌ಡಿವಿಷನ್ ಸೊನ್ನೆಗೆ ಇಳಿಸಿ, ರೆಂಡರ್‌ನಲ್ಲಿ ಅದು ಪೂರ್ತಿಯಾಗೇ ಬರತ್ತೆ. ಐವತ್ತು ಮರ ಬೇಕಾದರೆ ಶಿಫ್ಟ್ ಡಿ ಬದಲು ಆಲ್ಟ್ ಡಿ ಒತ್ತಿ ನಕಲು ಮಾಡಿ. ಆಗ ಐವತ್ತಕ್ಕೂ ಸೇರಿ ಒಂದೇ ಮೆಶ್. ಒಂದರ ಎಲೆ ತಿದ್ದಿದರೆ ಎಲ್ಲದರ ಎಲೆಯೂ ತಿದ್ದಿದ ಹಾಗೆ. ಪಾತ್ರವನ್ನೂ ಒಂದೇ ಫೈಲಿನಲ್ಲಿಟ್ಟು ಶಾಟ್‌ಗಳಿಗೆ ಲಿಂಕ್ ಮಾಡಿ. ಪ್ರತಿ ಶಾಟಿಗೂ ನಕಲು ಹಾಕಿದರೆ ಕಾಗೆಯ ಕೊಕ್ಕಿನ ಬಣ್ಣ ಐದು ಕಡೆ ತಿದ್ದಬೇಕು. ಲೈಬ್ರರಿ ಅಂದರೆ ಏನು ಅಂತ ನಿಮಗೆ ಗೊತ್ತು, ಇದೂ ಅದೇ.

ಕೀಗಳು: ವಾರಕ್ಕೆ ಮೂರು

ನೂರು ಶಾರ್ಟ್‌ಕಟ್ ಪಟ್ಟಿಯನ್ನ ಗೋಡೆಗೆ ಅಂಟಿಸಿದರೆ ಗೋಡೆ ಮಾತ್ರ ಕಲಿಯತ್ತೆ. ವಾರಕ್ಕೆ ಮೂರು ಸಾಕು. ಮೊದಲ ವಾರ ಜಿ, ಆರ್, ಎಸ್: ಸರಿಸು, ತಿರುಗಿಸು, ಹಿಗ್ಗಿಸು. ಅದರ ಹಿಂದೆಯೇ ಎಕ್ಸ್, ವೈ, ಝಡ್ ಒತ್ತಿದರೆ ಆ ದಿಕ್ಕಿಗೆ ಮಾತ್ರ. ಎರಡನೇ ವಾರ ಸ್ಪೇಸ್‌ಬಾರ್ ಒತ್ತಿ ಓಡಿಸೋದು, ಎಡ ಬಲ ಬಾಣದಲ್ಲಿ ಒಂದೊಂದು ಫ್ರೇಮ್, ಮೇಲೆ ಕೆಳಗಿನ ಬಾಣದಲ್ಲಿ ಕೀಫ್ರೇಮ್‌ನಿಂದ ಕೀಫ್ರೇಮ್‌ಗೆ. ಉಳಿದಿದ್ದಕ್ಕೆಲ್ಲ ಎಫ್3 ಒತ್ತಿ ಹೆಸರು ಟೈಪ್ ಮಾಡಿ ಹುಡುಕಿ. ದಿನಾ ಬಳಸೋ ಆದೇಶದ ಮೇಲೆ ರೈಟ್ ಕ್ಲಿಕ್ ಮಾಡಿ ಕ್ವಿಕ್ ಫೇವರಿಟ್ಸ್‌ಗೆ ಸೇರಿಸಿದರೆ ಕ್ಯೂ ಒತ್ತಿದಾಗ ಮುಂದೆ ಬಂದು ನಿಲ್ಲತ್ತೆ.

ಲ್ಯಾಪ್‌ಟಾಪ್‌ನಲ್ಲಿ ನಂಬರ್ ಪ್ಯಾಡ್ ಇಲ್ಲದಿದ್ದರೆ ಪ್ರಿಫರೆನ್ಸಸ್‌ನ ಇನ್‌ಪುಟ್‌ನಲ್ಲಿ 'ಎಮ್ಯುಲೇಟ್ ನಂಪ್ಯಾಡ್' ಹಾಕಿ. ಟ್ರ್ಯಾಕ್‌ಪ್ಯಾಡ್‌ನಲ್ಲಿ ಒದ್ದಾಡೋ ಬದಲು ನಡುವೆ ಚಕ್ರ ಇರೋ ಮಾಮೂಲಿ ಮೌಸ್ ತಗೊಳ್ಳಿ.

ರೆಂಡರ್: ಚಿತ್ರಗಳಾಗಿ, ವಿಡಿಯೋ ಆಗಿ ಅಲ್ಲ

ಒಂದು ಫ್ರೇಮಿಗೆ ಎರಡು ನಿಮಿಷ ಹಿಡಿದರೆ 240 ಫ್ರೇಮಿಗೆ 480 ನಿಮಿಷ, ಎಂಟು ಗಂಟೆ. ರಾತ್ರಿ ಹಚ್ಚಿ ಮಲಗ್ತೀರಿ. 200ನೇ ಫ್ರೇಮಿನಲ್ಲಿ ಕರೆಂಟ್ ಹೋಯ್ತು. ನೇರವಾಗಿ ವಿಡಿಯೋ ಫೈಲಿಗೆ ಬರೆಸ್ತಿದ್ದರೆ ಆ ಅರ್ಧ ಫೈಲ್ ತೆರೆಯೋದೇ ಕಷ್ಟ. ಪಿಎನ್‌ಜಿ ಚಿತ್ರಗಳಾಗಿ ಬರೆಸ್ತಿದ್ದರೆ ಮುಗಿದಷ್ಟೂ ಫ್ರೇಮ್ ಭದ್ರ. ಔಟ್‌ಪುಟ್‌ನಲ್ಲಿ 'ಓವರ್‌ರೈಟ್' ಗುರುತು ತೆಗೆದು ಮತ್ತೆ ಹಚ್ಚಿದರೆ ಇರೋದನ್ನ ಬಿಟ್ಟು ಇಲ್ಲದ್ದನ್ನ ಮಾತ್ರ ಮಾಡತ್ತೆ. ಒಂದೇ ಎಚ್ಚರ: ಆಮೇಲೆ ಸೀನ್ ಬದಲಾಯಿಸಿದರೆ ಹಳೇ ಚಿತ್ರಗಳನ್ನ ಅಳಿಸಿ ಹಚ್ಚಬೇಕು, ಇಲ್ಲದಿದ್ದರೆ ಹಳೇದು ಹೊಸದು ಬೆರಕೆ ಆಗತ್ತೆ. ಕೊನೆಗೆ ಎಲ್ಲ ಚಿತ್ರಗಳನ್ನ ವಿಡಿಯೋ ಎಡಿಟಿಂಗ್‌ನಲ್ಲಿ ಸಾಲಾಗಿ ಹಾಕಿ, ಅಜ್ಜಿಯ ದನಿ ಸೇರಿಸಿ ವಿಡಿಯೋ ಮಾಡಿದರೆ ಆಯ್ತು.

ಪೂರ್ತಿ ಹಚ್ಚೋ ಮುಂಚೆ ಫ್ರೇಮ್ ಸ್ಟೆಪ್ 20 ಇಟ್ಟು ಒಮ್ಮೆ ನೋಡಿ. 1, 21, 41 ಹೀಗೆ 12 ಚಿತ್ರ ಬರತ್ತೆ, 24 ನಿಮಿಷ. ದೀಪ ಆರಿಹೋಗಿದೆ, ಮಳೆ ಮಾಯ ಆಗಿದೆ, ಗುಬ್ಬಿಯ ಕಾಲು ನೆಲದೊಳಗೆ ಹೂತಿದೆ ಅನ್ನೋದೆಲ್ಲ ಇಲ್ಲೇ ಗೊತ್ತಾಗತ್ತೆ. ರೆಸಲ್ಯೂಷನ್ 50 ಪರ್ಸೆಂಟ್ ಇಟ್ಟರೆ ಪಿಕ್ಸೆಲ್ ಕಾಲು ಭಾಗಕ್ಕೆ ಇಳಿಯತ್ತೆ, ಪರೀಕ್ಷೆಗೆ ಅಷ್ಟು ಸಾಕು. ಸೈಕಲ್ಸ್ ಬೆಳಕಿನ ದಾರಿಯನ್ನ ನಿಜವಾಗಿ ಲೆಕ್ಕ ಹಾಕತ್ತೆ, ಅದಕ್ಕೇ ನಿಧಾನ. ಈವೀ ಹಲವು ಕಡೆ ಅಂದಾಜಿನಲ್ಲಿ ಹೋಗತ್ತೆ, ಅದಕ್ಕೇ ವೇಗ. 'ಫ್ಲೋ' ರೆಂಡರ್ ಆಗಿದ್ದು ಈವೀಯಲ್ಲೇ. ಮಕ್ಕಳ ಕತೆಗೆ ಅದು ಧಾರಾಳ ಸಾಕು.

ಇದೆಲ್ಲ ನಿಮ್ಮ ಸ್ವಂತ ಮೆಷೀನಿನಲ್ಲಿ. ಕಂಪನಿ ಕೊಟ್ಟ ಲ್ಯಾಪ್‌ಟಾಪ್‌ನಲ್ಲಿ ರಾತ್ರಿಯೆಲ್ಲ ರೆಂಡರ್ ಹಚ್ಚೋದು ಬೇಡ. ಹೊರಗಿನ ಸಾಫ್ಟ್‌ವೇರ್ ಹಾಕೋ ಬಗ್ಗೆ ನಿಯಮ ಇರತ್ತೆ, ಅದರಲ್ಲಿ ಮಾಡಿದ ಕೆಲಸ ಯಾರದ್ದು ಅನ್ನೋ ಬಗ್ಗೆ ಆಫರ್ ಲೆಟರಿನಲ್ಲಿ ಒಂದು ಸಾಲೂ ಇರಬಹುದು. ಓದಿ ನೋಡಿ.

ಇವತ್ತು ರಾತ್ರಿಗೆ

ಎಲ್ಲವನ್ನೂ ಒಂದೇ ದಿನ ಹಿಡಿಯೋಕೆ ಹೋಗಬೇಡಿ. ಇವತ್ತು ಬ್ಲೆಂಡರ್ ತೆರೆಯದೇ ಇದ್ದರೂ ನಡೆಯತ್ತೆ. ಒಂದು ಹಾಳೆಯಲ್ಲಿ ಐದು ಚೌಕ ಹಾಕಿ. ನಾಳೆ ಊರಿಗೆ ಫೋನ್ ಮಾಡಿ ದನಿ ತರಿಸಿಕೊಳ್ಳಿ. ನಾಡಿದ್ದು ಎರಡನ್ನೂ ಕೂಡಿಸಿ ಓಡಿಸಿ. ಮೂರೇ ರಾತ್ರಿಯಲ್ಲಿ ಗೀಚು ಗೆರೆಯದ್ದೇ ಆದರೂ ಮೊದಲಿಂದ ಕೊನೆಯವರೆಗೆ ಓಡೋ 30 ಸೆಕೆಂಡಿನ ಕತೆಯೊಂದು ನಿಮ್ಮ ಹತ್ರ ಇರತ್ತೆ. ಮುಂದಿನ ಪ್ರತಿ ರಾತ್ರಿಯೂ ಅದರಲ್ಲಿ ಒಂದು ಗೀಚನ್ನ ತೆಗೆದು ಅದರ ಜಾಗಕ್ಕೆ ಒಳ್ಳೇದೊಂದನ್ನ ಕೂರಿಸ್ತಾ ಹೋಗೋದು. ಯಾವ ರಾತ್ರಿ ನಿಲ್ಲಿಸಿದರೂ ಕೈಯಲ್ಲಿ ಒಂದು ಪೂರ್ತಿ ಕತೆ ಇರತ್ತೆ, ಅರ್ಧ ಕಾಗೆ ಅಲ್ಲ.

ಮುಂದಿನ ಮಾತಿನಲ್ಲಿ ಆ ಗ್ರಾಫ್ ಎಡಿಟರ್‌ನ ಗೆರೆಗಳನ್ನ ಓದೋದು ಹೇಗೆ ಅಂತ ನೋಡೋಣ.